ಅವ್ವನ ಜೊತೆ ಎರಡು ಬೆಟ್ಟ: ಕುಂತಿ ಬೆಟ್ಟ, ಮೇಲುಕೋಟೆ

ನಮ್ಮವ್ವ ಹುಟ್ಟಿದ್ದು ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಅವರ ಮನೆ ಜಗಲಿ ಮೇಲೆ ನಿಂತರೆ ಕುಂತಿ ಬೆಟ್ಟ ಕಾಣುತ್ತಿತ್ತು. ಬೆಳಗ್ಗೆ ಕೊಟ್ಟಿಗೆ ಗುಡಿಸುವಾಗ ಬೆಟ್ಟ, ಗದ್ದೆಗೆ ಬುತ್ತಿ ಹೊತ್ತು ಹೋಗುವಾಗ ಬೆಟ್ಟ, ಸಂಜೆ ನೀರು ಸೇದುವಾಗಲೂ ಅದೇ ಬೆಟ್ಟ. ಆದರೆ ಈ 62 ವರ್ಷದಲ್ಲಿ ಅವ್ವ ಒಂದು ಸಲವೂ ಅದನ್ನು ಹತ್ತಿರಲಿಲ್ಲ.

ಕಾರ್ತಿಕದ ಒಂದು ಸಂಜೆ, ಮೈಸೂರಿನ ನಮ್ಮ ಮನೆಯ ಬಾಗಿಲಿಗೆ ದೀಪ ಇಡುತ್ತಾ ಅವ್ವ ಇದನ್ನು ಹೇಳಿದರು. "ಬೆಟ್ಟ ಹತ್ತೋಕೆ ನಮಗೆಲ್ಲಿ ಪುರುಸೊತ್ತಿತ್ತು ಕಣವ್ವ? ಗಂಡ್ ಐಕ್ಳು ಹೋಗವು. ನಾವು ನೋಡ್ಕಂಡ್ ಇದ್ವಿ, ಅಷ್ಟೆ."

ಆ ಮಾತು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಆ ವಾರವೇ ಹೊರಡೋಣ ಅಂತ ತೀರ್ಮಾನ ಮಾಡಿದೆ. ಶನಿವಾರ ಕುಂತಿ ಬೆಟ್ಟ, ಅಲ್ಲಿಂದ ತೊಣ್ಣೂರು ಕೆರೆ, ರಾತ್ರಿ ಮೇಲುಕೋಟೆಯಲ್ಲಿ ಉಳಿದು ಭಾನುವಾರ ವಾಪಸ್. ಅವ್ವ, ನಾನು, 11 ವರ್ಷದ ನನ್ನ ಮಗ. ಮೂರೇ ಜನ.

ಶನಿವಾರ

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಬೆಳಗ್ಗೆ ಆರೂವರೆಗೇ ಬಸ್ಸು ಸಿಕ್ಕಿತು. ಅವ್ವನಿಗೂ ನನಗೂ ಶಕ್ತಿ ಯೋಜನೆಯ ಟಿಕೆಟ್, ಮಗನಿಗೆ ಮಾತ್ರ ಕಾಸು. ಅವ್ವ ಆಧಾರ್ ಕಾರ್ಡನ್ನು ಸೊಂಟದ ಎಲೆಯಡಿಕೆ ಚೀಲದಲ್ಲೇ ಇಟ್ಟುಕೊಂಡಿದ್ದರು.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಎರಡು ಕವಲಾಗಿ ಹರಿಯುತ್ತಾಳೆ. ಊರು ಮಧ್ಯದ ದ್ವೀಪದಲ್ಲಿದೆ. ಹಾಗಾಗಿ ಆ ದಾರಿಯಲ್ಲಿ ಹೋಗುವವರು ಎರಡು ಸಲ ನದಿ ದಾಟಬೇಕು. ಮೊದಲನೇ ಸೇತುವೆ ಬರುತ್ತಿದ್ದಂತೆ ಅವ್ವ ಚೀಲದಿಂದ ಒಂದು ರೂಪಾಯಿ ತೆಗೆದು, ಕಣ್ಣಿಗೊತ್ತಿಕೊಂಡು, ಕಿಟಕಿಯಿಂದ ನೀರಿಗೆ ಎಸೆದರು. ಎರಡನೇ ಸೇತುವೆಯಲ್ಲಿ ಇನ್ನೊಂದು.

"ಯಾಕಜ್ಜಿ ದುಡ್ಡು ಎಸೀತೀಯ?" ಅಂದ ಮಗ.

"ಅವಳ ನೀರು ಕುಡ್ದೇ ಅಲ್ವಾ ಮಗ ನಾವು ಬೆಳ್ದಿದ್ದು? ಬರಿಗೈಲಿ ದಾಟ್ಬಾರ್ದು."

ಮಗ ಸುಮ್ಮನಾದ. ಒಪ್ಪಿದ ಹಾಗೆ ಕಾಣಲಿಲ್ಲ.

ಪಾಂಡವಪುರದಲ್ಲಿ ಇಳಿದು ಇಡ್ಲಿ ತಿಂದು ಆಟೋ ಹಿಡಿದೆವು. ಪಾಂಡವರು ವನವಾಸದಲ್ಲಿದ್ದಾಗ ತಾಯಿ ಕುಂತಿಯ ಜೊತೆ ಇಲ್ಲಿ ತಂಗಿದ್ದರು ಅನ್ನುವುದು ಇಲ್ಲಿಯವರ ನಂಬಿಕೆ. ಊರಿಗೆ ಪಾಂಡವಪುರ ಅಂತಲೂ, ಬೆಟ್ಟಕ್ಕೆ ಕುಂತಿ ಬೆಟ್ಟ ಅಂತಲೂ ಹೆಸರು ಬಂದಿದ್ದು ಹಾಗೆ. ಈ ಊರಿಗೆ ಹಿರೋಡೆ ಅನ್ನುವ ಹಳೆಯ ಹೆಸರೂ ಇತ್ತು. ಬ್ರಿಟಿಷರು ಇದನ್ನು ಫ್ರೆಂಚ್ ರಾಕ್ಸ್ ಅಂತ ಕರೆಯುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ಕಡೆಯಿದ್ದ ಫ್ರೆಂಚ್ ಸೈನಿಕರು ಈ ಬಂಡೆಗಳ ಹತ್ತಿರ ಬೀಡುಬಿಟ್ಟಿದ್ದರಿಂದ ಆ ಹೆಸರು. ನಮ್ಮ ತಾತ ಕೊನೆಯವರೆಗೂ "ಹಿರೋಡೆ ಸಂತೆ" ಅಂತಲೇ ಅನ್ನುತ್ತಿದ್ದರಂತೆ.

ಬೆಟ್ಟದ ಬುಡದಲ್ಲಿ ದೇವಸ್ಥಾನವಿದೆ. ಅಲ್ಲಿವರೆಗೆ ಏನೂ ಕಷ್ಟವಿಲ್ಲ. ಅವ್ವ ಇಲ್ಲೇ ಕೂತುಬಿಡುತ್ತಾರೆ, ಕೈ ಮುಗಿದು ಹೊರಡೋಣ ಅನ್ನುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅವರು ದೇವರಿಗೆ ಕೈ ಮುಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಬಂಡೆ ಮೇಲೆ ಬರಿಗಾಲೇ ವಾಸಿ. ಕಾಲಿಗೆ ಹಿಡಿತ ಸಿಕ್ತದೆ."

ಮೇಲಕ್ಕೆ ಹೋದ ಹಾಗೆ ದಾರಿ ಅನ್ನುವುದು ಇಲ್ಲ. ಪೊದೆಗಳ ಮಧ್ಯೆ ಸವೆದ ಜಾಡು, ಆಮೇಲೆ ಬರೀ ಬಂಡೆ. ಹಿಂದಿನ ವಾರ ಮಳೆಯಾಗಿತ್ತು. ಬಂಡೆಯ ತಗ್ಗುಗಳಲ್ಲಿ ನೀರು ನಿಂತಿತ್ತು. ತಿಳಿಯಾದ ನೀರು, ತಳದಲ್ಲಿ ಸಣ್ಣ ಹುಲ್ಲು. ಮಗ ಒಂದೊಂದು ಗುಂಡಿಗೂ ಬೆರಳು ಹಾಕಿ ನೋಡುತ್ತಾ ಹತ್ತಿದ. ಅವನು ನೆಟ್ಟಗೆ ಓಡಲು ಹೋದಾಗ ಅವ್ವ ತಡೆದರು. "ಅಡ್ಡಡ್ಡ ಹತ್ತು ಮಗ. ದನ ನೋಡಿಲ್ವಾ, ಅವು ಹೆಂಗೆ ಹತ್ತವೆ? ನೆಟ್ಟಗೆ ಹತ್ತುದ್ರೆ ಉಸ್ರು ಕಟ್ತದೆ." ಬೆಟ್ಟವನ್ನೇ ಹತ್ತದವರು ಬೆಟ್ಟ ಹತ್ತುವುದನ್ನು ಹೇಳಿಕೊಡುತ್ತಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅಡ್ಡಡ್ಡ ಹತ್ತಿದಾಗ ನನ್ನ ಮಂಡಿಗೂ ಆರಾಮಾಯಿತು.

ಮುಕ್ಕಾಲು ಬೆಟ್ಟ ಹತ್ತಿರಬೇಕು. ಒಂದು ಅಗಲವಾದ ಹಾಸುಬಂಡೆ ಬಂತು. ಅವ್ವ ಅಲ್ಲಿ ಕೂತರು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಕೆಳಗೆ ಭತ್ತದ ಗದ್ದೆಗಳು ಅರ್ಧ ಹಸಿರು, ಅರ್ಧ ಹೊಂಬಣ್ಣ. ನಡುನಡುವೆ ಕಬ್ಬಿನ ದಟ್ಟ ಚೌಕಗಳು, ಬದುಗಳ ಮೇಲೆ ತೆಂಗಿನ ಸಾಲು. ಅಲ್ಲಲ್ಲಿ ಕೆರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಒಂದು ಆಲೆಮನೆಯಿಂದ ಹೊಗೆ ಏಳುತ್ತಿತ್ತು.

ಅವ್ವ ಊರು ಹುಡುಕುತ್ತಿದ್ದರು. ಕೈಯನ್ನು ಹಣೆಗೆ ಅಡ್ಡ ಹಿಡಿದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅವರ ಕಣ್ಣಿಗೆ ಗುರುತಾಗಿದ್ದ ಅರಳಿಮರ ಈಗಿಲ್ಲ. ಹೆಂಚಿನ ಮನೆಗಳೆಲ್ಲ ಆರ್‌ಸಿಸಿ ಆಗಿವೆ. ಕೊನೆಗೆ ಕೆರೆ ಏರಿಯ ಬಾಗು ನೋಡಿ ಕಂಡುಹಿಡಿದರು. "ಅಗೋ! ಅದೇ ನಮ್ಮೂರ್ ಕೆರೆ. ಏರಿ ಕೊಂಕಿರೋದ್ ನೋಡು. ಅದ್ರ ಪಕ್ಕದ್ ಟ್ಯಾಂಕಿನ ಹಿಂದ್ಗಡೆ ನಮ್ಮನೆ."

ಅವರು ಬೆರಳು ತೋರಿಸಿದ ಕಡೆ ನನಗೆ ತೆಂಗಿನ ಮರಗಳು ಮಾತ್ರ ಕಂಡವು. ಆದರೂ ಹೂಂ ಅಂದೆ. ಇಷ್ಟು ವರ್ಷ ಅಲ್ಲಿಂದ ಇಲ್ಲಿಗೆ ನೋಡಿದವರು ಇವತ್ತು ಇಲ್ಲಿಂದ ಅಲ್ಲಿಗೆ ನೋಡುತ್ತಿದ್ದರು. ಅವ್ವನ ಕಣ್ಣಲ್ಲಿ ನೀರಿತ್ತು. ಮಗ ಅದನ್ನು ನೋಡಿ ಮೆಲ್ಲಗೆ ಅವರ ಮಗ್ಗುಲಿಗೆ ಹೋಗಿ ಕೂತ.

"ಇದೆಲ್ಲ ಮೊದ್ಲು ಹಿಂಗಿರ್ಲಿಲ್ಲವಂತೆ ಮಗ" ಅಂತ ಅವ್ವ ಶುರು ಮಾಡಿದರು. "ನಾಲೆ ಬರೋಕ್ ಮುಂಚೆ ಇಲ್ಲೆಲ್ಲ ರಾಗಿ, ಹುರುಳಿ. ಮಳೆ ಬಂದ್ರೆ ಊಟ, ಇಲ್ದಿದ್ರೆ ಇಲ್ಲ. ನಮ್ಮ ತಾತ ಹೇಳೋರು, ನಾಲೇಲಿ ಮೊದ್ಲು ನೀರ್ ಬಿಟ್ಟಾಗ ಜನ ಹೂವ ಹಾಕಿ ಪೂಜೆ ಮಾಡಿದ್ರಂತೆ."

ಅವ್ವ ಹೇಳಿದ್ದು ವಿಶ್ವೇಶ್ವರಯ್ಯ ನಾಲೆಯ ಮಾತು. ಮೊದಲು ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆ ಕಟ್ಟೆಯ ನೀರು ಈ ನಾಲೆಯಲ್ಲಿ ಬಂದು, ಹುಲಿಕೆರೆ ಹತ್ತಿರ ಗುಡ್ಡದ ಹೊಟ್ಟೆಯೊಳಗೆ ಕೊರೆದ ಸುರಂಗದಲ್ಲಿ ನುಗ್ಗಿ ಮಂಡ್ಯದ ಕಡೆಗೆ ಹರಿಯುತ್ತದೆ. ಇವತ್ತು ಮಂಡ್ಯ ಅಂದರೆ ಕಬ್ಬು, ಬೆಲ್ಲ, ಭತ್ತ ಅನ್ನುತ್ತೇವಲ್ಲ, ಅದೆಲ್ಲ ಈ ನೀರು ಬಂದ ಮೇಲಿನ ಕತೆ. ಶಾಲೆಯಲ್ಲಿ ನಾನು ಇದನ್ನು ಪಾಠವಾಗಿ ಓದಿದ್ದೆ. ಬೆಟ್ಟದ ಮೇಲೆ ಕೂತು ಅವ್ವನ ಬಾಯಲ್ಲಿ ಕೇಳಿದಾಗಲೇ ಅದರ ತೂಕ ಗೊತ್ತಾಗಿದ್ದು.

"ತುದಿಗೆ ಹೋಗೋಣ್ವಾ ಅವ್ವ?" ಅಂದೆ.

"ಸಾಕು ಕಣವ್ವ. ನಾನು ನೋಡ್ಬೇಕಾದ್ದು ನೋಡಾಯ್ತು."

ನಾವೂ ಅಲ್ಲಿಂದಲೇ ಇಳಿದೆವು. ತುದಿ ಮುಟ್ಟದೇ ಇದ್ದದ್ದಕ್ಕೆ ನನಗೆ ಏನೂ ಬೇಜಾರಿಲ್ಲ.

ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಇಳಿಯುವಾಗ ಬಂಡೆ ಸಂದುಗಳಲ್ಲಿ ಒಡೆದ ಬಾಟಲಿ, ಚಿಪ್ಸ್ ಕವರು, ಪ್ಲಾಸ್ಟಿಕ್ ಲೋಟಗಳು. ಬರಿಗಾಲಲ್ಲಿ ಇಳಿಯುತ್ತಿದ್ದ ಅವ್ವನ ಕೈ ಹಿಡಿದು, ಗಾಜಿನ ಚೂರು ನೋಡಿ ನೋಡಿ ಕಾಲಿಡಿಸಬೇಕಾಯಿತು. ಸೂರ್ಯ ಹುಟ್ಟುವುದನ್ನು ನೋಡಲು ಬರುವವರು ದಯವಿಟ್ಟು ನಿಮ್ಮ ಬಾಟಲಿಗಳನ್ನು ವಾಪಸ್ ತಗೊಂಡು ಹೋಗಿ. ಅಷ್ಟೇ ಕೇಳಿಕೊಳ್ಳುವುದು. ಮಗ ತನ್ನ ಬ್ಯಾಗಿನಲ್ಲಿದ್ದ ಕವರಿನ ತುಂಬಾ ಪ್ಲಾಸ್ಟಿಕ್ ಆರಿಸಿ ಕೆಳಗೆ ತಂದ.

ತೊಣ್ಣೂರು ಕೆರೆ ತಲುಪುವಾಗ ಮಧ್ಯಾಹ್ನ. ಎರಡು ಕಲ್ಲು ಗುಡ್ಡಗಳ ನಡುವಿನ ಕಂಡಿಗೆ ಏರಿ ಕಟ್ಟಿ ನಿಲ್ಲಿಸಿದ ಕೆರೆ ಇದು. ರಾಮಾನುಜಾಚಾರ್ಯರು ಚೋಳರ ಸೀಮೆ ಬಿಟ್ಟು ಹೊಯ್ಸಳ ವಿಷ್ಣುವರ್ಧನನ ನಾಡಿಗೆ ಬಂದಾಗ ಮೊದಲು ಈ ತೊಣ್ಣೂರಿನಲ್ಲಿ ಇದ್ದರು, ಕೆರೆ ಕಟ್ಟಿಸಿದ್ದೂ ಅವರೇ ಅನ್ನುತ್ತಾರೆ. ನೀರು ಎಷ್ಟು ತಿಳಿಯಾಗಿದೆಯೆಂದರೆ, 1746ರಲ್ಲಿ ಇಲ್ಲಿಗೆ ಬಂದಿದ್ದ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಇದಕ್ಕೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಅಂತ ಹೆಸರಿಟ್ಟ. ಊರೊಳಗೆ ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನವಿದೆ. ಮೇಲುಕೋಟೆಗೆ ಹೋಗುವವರು ಇದನ್ನು ಬಿಟ್ಟು ಮುಂದೆ ಹೋಗುವುದೇ ಜಾಸ್ತಿ. ಹಾಗೆ ಮಾಡಬೇಡಿ.

ಏರಿ ಪಕ್ಕದ ಮರದ ನೆರಳಲ್ಲಿ ಅವ್ವನ ಬುತ್ತಿ ಬಿಚ್ಚಿದೆವು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ. ಮಗನಿಗೆ ಈಜುವ ಆಸೆ. ನಾನು ಬಿಡಲಿಲ್ಲ. ನೋಡಲು ಶಾಂತವಾಗಿದ್ದರೂ ಕೆರೆ ಆಳವಾಗಿದೆ.

ಜಕ್ಕನಹಳ್ಳಿ ಮೇಲೆ ಮೇಲುಕೋಟೆಗೆ ಬಂದಾಗ ಸಂಜೆ ಐದಾಗಿತ್ತು. ಅಲ್ಲೊಂದು ತೊಂದರೆ ಕಾದಿತ್ತು. ಎರಡು ದಿನ ಮೊದಲೇ ಫೋನ್ ಮಾಡಿ ಹೇಳಿದ್ದ ರೂಮನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದರು. "ದೊಡ್ಡ ಗುಂಪು ಬಂತು ಮೇಡಂ" ಅಂದರು. ವಯಸ್ಸಾದವರನ್ನು ಕರೆದುಕೊಂಡು ಬಂದವಳಿಗೆ ಆ ಹೊತ್ತಿನಲ್ಲಿ ಎಷ್ಟು ಸಂಕಟ ಆಗುತ್ತದೆ ಅಲ್ವಾ? ಹೂವು ಮಾರುವ ಒಬ್ಬ ಅಜ್ಜಿ ನಮ್ಮ ಮುಖ ನೋಡಿಯೇ ವಿಷಯ ಕೇಳಿದರು. ಅವರೇ ಮೊಮ್ಮಗನನ್ನು ಕಳಿಸಿ ಇನ್ನೊಂದು ಛತ್ರದಲ್ಲಿ ರೂಮು ಕೊಡಿಸಿದರು. ಚಾಪೆ, ಎರಡು ದಿಂಬು, ಬಿಸಿನೀರು. ನಮಗೆ ಅಷ್ಟೇ ಬೇಕಾಗಿದ್ದು.

ಕತ್ತಲಾಗುವ ಹೊತ್ತಿಗೆ ಚೆಲುವನಾರಾಯಣ ಸ್ವಾಮಿಯ ದರ್ಶನ ಮಾಡಿದೆವು. ಇಲ್ಲಿಯ ಉತ್ಸವಮೂರ್ತಿ ಚೆಲುವಪಿಳ್ಳೆಯ ಕತೆಯನ್ನು ಅವ್ವ ಮಗನಿಗೆ ಹೇಳಿದರು. ಆ ಮೂರ್ತಿ ದೆಹಲಿಯ ಸುಲ್ತಾನನ ಅರಮನೆ ಸೇರಿತ್ತು. ಅವನ ಮಗಳು ಅದನ್ನು ಜೀವದ ಹಾಗೆ ಇಟ್ಟುಕೊಂಡಿದ್ದಳು. ರಾಮಾನುಜರು ಹೋಗಿ ಕರೆದಾಗ ದೇವರು ಅವರ ಹತ್ತಿರ ಬಂದ. ಅವನನ್ನು ಬಿಟ್ಟಿರಲಾರದೆ ಆ ಹುಡುಗಿಯೂ ಹಿಂದೆಯೇ ಮೇಲುಕೋಟೆಗೆ ಬಂದುಬಿಟ್ಟಳು. ಅವಳೇ ಬೀಬಿ ನಾಚಿಯಾರ್. ದೇವರ ಪಾದದ ಹತ್ತಿರ ಅವಳಿಗೆ ಜಾಗವಿದೆ. ಮೂರ್ತಿಯನ್ನು ತರುವಾಗ ದಾರಿಯಲ್ಲಿ ಕಾಪಾಡಿದವರು ಊರಾಚೆ ಇಟ್ಟಿದ್ದ ಜನ. ರಾಮಾನುಜರು ಅವರನ್ನು ತಿರುಕುಲದವರು ಅಂತ ಕರೆದು ದೇವಸ್ಥಾನದ ಒಳಗೆ ಬಿಟ್ಟುಕೊಂಡರು ಅನ್ನುತ್ತದೆ ಐತಿಹ್ಯ.

"ಅವಳಿಗೆ ಅಪ್ಪನ ನೆನಪು ಬರ್ತಿರ್ಲಿಲ್ವಾ ಅಜ್ಜಿ?" ಅಂದ ಮಗ. ಅವ್ವ ಅವನ ತಲೆ ಸವರಿದರು.

ಭಾನುವಾರ

ಐದೂವರೆಗೆ ಎದ್ದು ಯೋಗನರಸಿಂಹನ ಬೆಟ್ಟ ಹತ್ತಲು ಹೊರಟೆವು. ಊರಿನಿಂದ ಮೇಲಕ್ಕೆ ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲು. ನಡುನಡುವೆ ಕಲ್ಲಿನ ಮಂಟಪಗಳಿವೆ, ಕೂತು ಸುಧಾರಿಸಿಕೊಳ್ಳಬಹುದು. ಮಂಜು ಇನ್ನೂ ಬಿಟ್ಟಿರಲಿಲ್ಲ. ಅವ್ವ ಮೂರು ಸಲ ಕೂತರು, ನಾನು ಅವರಿಗಿಂತ ಒಂದು ಸಲ ಜಾಸ್ತಿ ಕೂತೆ.

ಮೇಲೆ ಹೋದಾಗ ದೇವಸ್ಥಾನದ ಬಾಗಿಲು ತೆಗೆದಿರಲಿಲ್ಲ. ಅದು ಒಳ್ಳೆಯದೇ ಆಯಿತು. ಜನ ಇಲ್ಲದ ಆ ಅಂಗಳದಲ್ಲಿ ಗೋಡೆಗೊರಗಿ ನಿಂತು ಸೂರ್ಯ ಬರುವುದನ್ನು ನೋಡಿದೆವು. ಮೊದಲು ಮಂಜಿನ ಮೇಲೆ ಬೆಟ್ಟಗಳ ತಲೆ ಮಾತ್ರ ಕಂಡವು. ಆಮೇಲೆ ಮಂಜು ಸರಿದ ಹಾಗೆ ಕೆಳಗೆ ಒಂದೊಂದೇ ಕೊಳ ತೆರೆದುಕೊಳ್ಳುತ್ತಾ ಬಂತು. ಹತ್ತಿರದಲ್ಲೇ ದೊಡ್ಡ ಕಲ್ಯಾಣಿ, ಸುತ್ತ ಕಂಬಗಳ ಮಂಟಪ. ಅದರಾಚೆ ಒಂದು, ಇನ್ನೂ ಆಚೆ ಇನ್ನೊಂದು. ಮಗ ಎಣಿಸಲು ಶುರು ಮಾಡಿದ. ಏಳಕ್ಕೆ ಬಂದಾಗ ಕೆಲವು ಕೊಳಗಳೋ ಬರೀ ಬಂಡೆಯ ನೀರೋ ಅಂತ ಗೊತ್ತಾಗದೆ ನಿಲ್ಲಿಸಿದ.

ಬಂಡೆಗಳ ಮೇಲಿನ ಈ ಊರಿಗೆ ಹತ್ತಿರದಲ್ಲಿ ನದಿಯಿಲ್ಲ. ಮಳೆಗಾಲದಲ್ಲಿ ಬಂಡೆ ಮೇಲೆ ಬಿದ್ದ ನೀರು ಜಾರಿ ಹೋಗದ ಹಾಗೆ ತಗ್ಗಿನಲ್ಲೆಲ್ಲ ಕೊಳ ಕಟ್ಟಿದ್ದಾರೆ. ಮೇಲಿನಿಂದ ನೋಡಿದಾಗ ಅದರ ಲೆಕ್ಕಾಚಾರ ಕಾಣುತ್ತದೆ. ನಿನ್ನೆ ನೋಡಿದ್ದು ನದಿಯನ್ನೇ ತಿರುಗಿಸಿ ತಂದ ನಾಲೆ, ಗುಡ್ಡದ ಕಂಡಿ ಮುಚ್ಚಿ ನಿಲ್ಲಿಸಿದ ಕೆರೆ. ಇವತ್ತು ಬೊಗಸೆ ಬೊಗಸೆಯಾಗಿ ಹಿಡಿದಿಟ್ಟ ಮಳೆ. ನಾನು ಚಿಕ್ಕಂದಿನಿಂದ ಎಷ್ಟೋ ಸಲ ಮೇಲುಕೋಟೆಗೆ ಬಂದಿದ್ದೇನೆ. ದರ್ಶನ, ಪುಳಿಯೋಗರೆ, ವಾಪಸ್. ಈ ಊರು ನೀರಿಗಾಗಿ ಇಷ್ಟೊಂದು ದುಡಿದಿದೆ ಅಂತ ಯಾವತ್ತೂ ಯೋಚನೆಯೇ ಬಂದಿರಲಿಲ್ಲ.

ಬಾಗಿಲು ತೆಗೆದ ಮೇಲೆ ನರಸಿಂಹನನ್ನು ಕಣ್ತುಂಬ ನೋಡಿದೆವು. ಮಂಡಿಗೆ ಯೋಗಪಟ್ಟಿ ಕಟ್ಟಿ ಕೂತ ದೇವರು. ಇಲ್ಲಿರುವ ದೊಡ್ಡ ನಗಾರಿ ಟಿಪ್ಪು ಕೊಟ್ಟಿದ್ದು ಅಂತ ಹೇಳುತ್ತಾರೆ.

ಇಳಿಯುವಾಗ ಕೋತಿಯೊಂದು ಬಂದು ಮಗನ ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡಿತು. ಅವನು ಹೆದರಿ ಅಜ್ಜಿಯ ಸೆರಗು ಹಿಡಿದ. ಮೆಟ್ಟಿಲು ಹತ್ತುವಾಗ ಕೈಯಲ್ಲಿ ತಿಂಡಿ ಇಟ್ಟುಕೊಳ್ಳಬೇಡಿ, ಎಲ್ಲ ಚೀಲದೊಳಗೆ ಇರಲಿ.

ಕಲ್ಯಾಣಿ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲ್ ತಿಂದೆವು. ಮೇಲುಕೋಟೆ ಪುಳಿಯೋಗರೆಯ ಬಣ್ಣ ಕಪ್ಪಗೆ, ಹುಣಸೆಯ ಹುಳಿ ಹಸಿಯಾಗಿರದೆ ಚೆನ್ನಾಗಿ ಕುದಿದು ಇಳಿದಿರುತ್ತದೆ. ಅವ್ವ ಅಡುಗೆಯವರ ಹತ್ತಿರ ಹೋಗಿ ಗೊಜ್ಜು ಎಷ್ಟು ಹೊತ್ತು ಕುದಿಸುತ್ತೀರಿ ಅಂತ ಕೇಳಿಕೊಂಡು ಬಂದರು. ಮನೆಗೂ ಅರ್ಧ ಕೆ.ಜಿ. ಗೊಜ್ಜು ಕಟ್ಟಿಸಿಕೊಂಡೆವು.

ಮೇಲುಕೋಟೆ ಅಂದ ತಕ್ಷಣ ವೈರಮುಡಿ ನೆನಪಾಗುತ್ತದೆ. ವಜ್ರದ ಆ ಕಿರೀಟವನ್ನು ಮಂಡ್ಯದ ಖಜಾನೆಯಲ್ಲಿ ಇಟ್ಟಿರುತ್ತಾರೆ. ವರ್ಷಕ್ಕೊಮ್ಮೆ, ಮಾರ್ಚ್ ಏಪ್ರಿಲ್ ಹೊತ್ತಿಗೆ ಬರುವ ಉತ್ಸವಕ್ಕೆ ಪೊಲೀಸ್ ಕಾವಲಿನಲ್ಲಿ ಇಲ್ಲಿಗೆ ತರುತ್ತಾರೆ. ರಾತ್ರಿ ಮಾತ್ರ ದೇವರ ತಲೆ ಮೇಲಿರುತ್ತದೆ. ಮೈಸೂರಿನ ರಾಜ ಒಡೆಯರು ಕೊಟ್ಟ ಇನ್ನೊಂದು ಕಿರೀಟ ರಾಜಮುಡಿ. ಆ ಹೆಸರಿನ ಅಕ್ಕಿಯನ್ನೂ ನೀವು ತಿಂದಿರಬಹುದು. ಉತ್ಸವದ ವೈಭವ ನೋಡಲೇಬೇಕು ನಿಜ. ಆದರೆ ಊರನ್ನು ನೋಡಬೇಕು ಅಂದರೆ ಜನಜಂಗುಳಿ ಇಲ್ಲದ ಇಂಥ ದಿನವೇ ಸರಿ.

ಬಿಸಿಲೇರುವ ಮೊದಲು ರಾಯಗೋಪುರಕ್ಕೆ ನಡೆದೆವು. ಕಟ್ಟಿ ಮುಗಿಸದೆ ಬಿಟ್ಟ ಗೋಪುರ ಅದು. ಆಕಾಶಕ್ಕೆ ನಿಂತ ಆ ಕಂಬಗಳ ಕೆಳಗೆ ಮನುಷ್ಯರು ಇರುವೆಗಳ ಹಾಗೆ ಕಾಣುತ್ತಾರೆ. ಫೋಟೊ ತೆಗೆಸಿಕೊಳ್ಳುವವರ ಗಲಾಟೆ ಜಾಸ್ತಿ ಇತ್ತು, ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅದರ ಹತ್ತಿರವೇ ಅಕ್ಕ-ತಂಗಿ ಕೊಳ. ಅಕ್ಕಪಕ್ಕದಲ್ಲಿ ಎರಡು ಕೊಳ, ನಡುವೆ ನಡೆದಾಡುವಷ್ಟೇ ಜಾಗ. ಒಂದರ ನೀರು ಸಿಹಿ, ಕುಡಿಯಲು ಆಗುತ್ತದೆ. ಇನ್ನೊಂದರ ನೀರು ಬಟ್ಟೆ ಒಗೆಯುವುದಕ್ಕೆ. ಇಬ್ಬರು ಅಕ್ಕತಂಗಿಯರು ಕಟ್ಟಿಸಿದ್ದು ಅನ್ನುತ್ತಾರೆ. ಒಬ್ಬ ಹೆಂಗಸು ಬಿಂದಿಗೆ ಹಿಡಿದು ಮೆಟ್ಟಿಲಿಳಿದು ಬಂದರು. ಅವ್ವ ಅವರನ್ನು ಮಾತಾಡಿಸಿದರು.

"ನಲ್ಲಿ ಬರಲ್ವಾ ತಾಯಿ ಇಲ್ಲಿ?"

"ಬತ್ತದೆ ಕಣಕ್ಕ. ಆದ್ರೂ ದೇವ್ರ ಮನೆಗೆ ಇದೇ ಆಗ್ಬೇಕು."

ಅವ್ವ ಆ ಬಿಂದಿಗೆಯನ್ನು ಒಂದು ಸಲ ತಾವೇ ಮುಳುಗಿಸಿ ತುಂಬಿಸಿಕೊಟ್ಟರು. ಮೊದಲು ಬಿಂದಿಗೆಯ ತಳದಿಂದ ನೀರಿನ ಮೇಲಿನ ಕಸ ಆಚೆ ತಳ್ಳಿ, ಆಮೇಲೆ ಬಾಯಿ ಬಗ್ಗಿಸಿ, ಗುಳುಗುಳು ಸದ್ದು ನಿಂತ ಮೇಲೆ ಎತ್ತಿ ಸೊಂಟಕ್ಕೆ ಇಟ್ಟುಕೊಂಡರು. ನಲವತ್ತು ವರ್ಷದಿಂದ ನಲ್ಲಿ ನೀರು ಹಿಡಿದ ಕೈ ಅದು. ಒಂದು ಹನಿಯೂ ತುಳುಕಲಿಲ್ಲ. ಮಗ ಬಾಯಿ ತೆರೆದು ನೋಡುತ್ತಿದ್ದ.

ಕೊನೆಗೆ ಧನುಷ್ಕೋಟಿ. ವನವಾಸದಲ್ಲಿ ಸೀತೆಗೆ ಬಾಯಾರಿಕೆಯಾದಾಗ ರಾಮ ಬಂಡೆಗೆ ಬಾಣ ಬಿಟ್ಟು ನೀರು ತರಿಸಿದ ಜಾಗ ಅಂತ ನಂಬಿಕೆ. ಬಂಡೆಯ ಸೀಳಿನಲ್ಲಿ ನೀರಿದೆ. ಅವ್ವ ಬೊಗಸೆಯಲ್ಲಿ ಎತ್ತಿ ತಲೆಗೆ ಚಿಮುಕಿಸಿಕೊಂಡರು. ಆ ಬಂಡೆ ಮೇಲೆ ಗಾಳಿ ಜೋರು. ಅರ್ಧ ಗಂಟೆ ಸುಮ್ನೆ ಕೂತೆವು. ಮಾತು ಬೇಕಾಗಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಮೈಸೂರಿನ ಬಸ್ಸು ಸಿಕ್ಕಿತು. ಸೀಟಿಗೆ ಕೂತ ಹತ್ತು ನಿಮಿಷಕ್ಕೆ ಮಗ ನನ್ನ ತೊಡೆ ಮೇಲೆ ಮಲಗಿಬಿಟ್ಟ. ಅವ್ವ ಮಾತ್ರ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಕುಂತಿ ಬೆಟ್ಟ ಕಂಡಾಗ ನನ್ನ ಕೈ ತಟ್ಟಿ ತೋರಿಸಿದರು. "ಅಗೋ, ಆ ಬೋಳು ಬಂಡೆ ಕಾಣ್ತದಲ್ಲ, ಅಲ್ಲೇ ಕಣವ್ವ ನಾವು ಕೂತಿದ್ದು."

ಶ್ರೀರಂಗಪಟ್ಟಣ ಬಂತು. ಬಸ್ಸು ಸೇತುವೆಗೆ ಹತ್ತುವಾಗಿನ ಕುಲುಕಾಟಕ್ಕೆ ಮಗನಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಹೊರಗೆ ನೋಡಿದ. ಕೆಳಗೆ ನೀರು ಕಂಡ ಕೂಡಲೇ ತಟ್ಟನೆ ಎದ್ದು ಕೂತು ಅಜ್ಜಿಯ ಮುಂದೆ ಅಂಗೈ ಚಾಚಿದ.

"ಅಜ್ಜಿ, ಬೇಗ ಒಂದ್ರೂಪಾಯಿ ಕೊಡು."